ಸೇಠಜಿಯ ದನಿಯಲ್ಲಿ ನಾನಾಡಿದ ಒಂದು ಮಾತು

ಮೊದಲೇ ಹೇಳಿಬಿಡುತ್ತೇನೆ. ಆ ದಿನ ಹತ್ತಿಯ ರಾಶಿಯ ಹಿಂದಿನಿಂದ "ಆತು, ತೂಗ್ರಿ" ಎಂದು ಕೂಗಿದವನು ನಾನು. ಖರೀದಿಗೆ ಬಂದಿದ್ದ ಬೊಂಬಾಯಿ ಸೇಠಜಿ ಅಲ್ಲ. ಅವರು ಕೂಗುವ ಹಾಗೆಯೇ, ಮೊದಲು ಒಂದು ಸಣ್ಣ ಕೆಮ್ಮು ಕೆಮ್ಮಿ, ಮೂಗಿನಿಂದ 'ಆ' ಎಂದು ಎಳೆದು, 'ತು' ಎನ್ನುವಲ್ಲಿ ತಟ್ಟನೆ ಇಳಿಸಿ ಕೂಗಿದೆ. ಅಂಗಳದಲ್ಲಿದ್ದ ಹಮಾಲರು, ಗಾಡಿಯವರು, ಮಾಲಿನ ಒಡತಿ, ಎಲ್ಲರೂ ಅದು ಸೇಠಜಿಯದೇ ಎಂದು ನಂಬಿದರು. ಹಾಗೆ ನಂಬಿಸುವುದರಲ್ಲಿ ನನಗಿದ್ದ ಸಂತೋಷವನ್ನು ಏನೆಂದು ಹೇಳಲಿ! ಓದಿನಲ್ಲಿ ನಾಲ್ಕು ಜನರ ಮುಂದೆ ನಿಲ್ಲಲಾರದವನಿಗೆ ದೇವರು ಕೊಟ್ಟ ಒಂದೇ ವಿದ್ಯೆ ಅದು. ಅದನ್ನು ಎಲ್ಲಿ ಬಳಸಬಾರದು ಎಂಬುದನ್ನು ಮಾತ್ರ ದೇವರು ಹೇಳಿಕೊಟ್ಟಿರಲಿಲ್ಲ.

ಕೊಪ್ಪಳದ ಸ್ಟೇಶನ್ನಿನ ಹತ್ತಿರ ಇರುವ ಒಂದು ಅಡತಿ ಅಂಗಡಿಯಲ್ಲಿ ನನಗೆ ಮಾದರಿ ತೆಗೆಯುವ ಕೆಲಸ. ರೈತರ ಮಾಲನ್ನು ಅಂಗಳದಲ್ಲಿ ಇರಿಸಿಕೊಂಡು, ಕೊಳ್ಳುವವರನ್ನು ಕರೆತಂದು, ಇಬ್ಬರ ನಡುವೆ ನಿಂತು ವ್ಯಾಪಾರ ಕುದುರಿಸುವ ಅಂಗಡಿ ಅದು. ಯಲಬುರ್ಗಾ, ಕುಷ್ಟಗಿ, ತಾವರಗೇರಾ ಕಡೆಯ ಎರೆಹೊಲದ ಹತ್ತಿ ಗಾಡಿಗಳಲ್ಲಿ ಬಂದು ನಮ್ಮ ಅಂಗಳದಲ್ಲಿ ಬೀಳುತ್ತದೆ. ನಾನು ರಾಶಿಯ ನೆತ್ತಿಯಿಂದ ಒಂದು ಹಿಡಿ, ಪಕ್ಕೆಯಿಂದ ಒಂದು ಹಿಡಿ, ಮೊಳಕೈವರೆಗೆ ತೋಳು ತೂರಿಸಿ ಹೊಟ್ಟೆಯಿಂದ ಒಂದು ಹಿಡಿ ತೆಗೆಯುತ್ತೇನೆ. ಬೀಜದಿಂದ ಬಿಡಿಸಿ, ಎರಡು ಹೆಬ್ಬೆರಳುಗಳ ನಡುವೆ ಹಿಡಿದು ನಿಧಾನವಾಗಿ ಎಳೆಯುತ್ತೇನೆ. ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ, ಎಲೆಯ ಪುಡಿ ಎಷ್ಟು, ತೇವ ಎಷ್ಟು ಎಂದು ನೋಡಿ ನೀಲಿ ಕಾಗದದಲ್ಲಿ ಸುತ್ತಿಡುತ್ತೇನೆ. ನೀಲಿಯ ಮೇಲೆ ಬಿಳುಪಿನ ಸುಳ್ಳು ನಿಲ್ಲುವುದಿಲ್ಲ.

ನಮ್ಮ ಕಡೆಯದು ಜವಾರಿ ಹತ್ತಿ, ಎಳೆ ಗಿಡ್ಡ. ನುಣುಪು ನೂಲು ತೆಗೆಯುವ ಗಿರಣಿಗಳು ಅದನ್ನು ಮೂಸಿಯೂ ನೋಡುವುದಿಲ್ಲ. ಅದನ್ನು ಕೊಳ್ಳುತ್ತಿದ್ದವರು ಜಪಾನಿನ ಗಿರಣಿಗಳವರು. ಬೊಂಬಾಯಿಯಲ್ಲಿದ್ದ ಅವರ ಕಂಪನಿಗಾಗಿ ನಮ್ಮ ಸೇಠಜಿ ಪ್ರತಿ ಬೇಸಿಗೆ ಕೊಪ್ಪಳಕ್ಕೆ ಬಂದು, ಹತ್ತಿ ಹಿಡಿದು, ಇಲ್ಲಿಯೇ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆಯಲ್ಲಿ, ಬಿಡಿಸಿ ಕಳಿಸುತ್ತಿದ್ದರು. ಅವರು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಅರಿವೆಯೂ ಜಪಾನಿನದೇ, ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದದ್ದು. ನಮ್ಮ ಹತ್ತಿಯೇ ಹಡಗು ಏರಿ ಹೋಗಿ, ಅರಿವೆಯಾಗಿ ತಿರುಗಿ ಬಂದು ಸೇಠಜಿಯ ಹೆಗಲಿಗೆ ಬಿದ್ದಿದೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಆ ಅರಿವೆಯ ಕೆಲಸ ಹೆಗಲಿನ ಮೇಲಷ್ಟೇ ಅಲ್ಲ. ನಮ್ಮಲ್ಲಿ ಹತ್ತಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಕೊಳ್ಳುವವರೂ ಅಡತಿಯವರೂ ಎದುರುಬದುರು ಕುಳಿತು, ಕೈಗಳ ಮೇಲೆ ಅರಿವೆ ಹೊದಿಸಿ, ಬೆರಳು ಹಿಡಿದು ಬೆಲೆ ಆಡುತ್ತಾರೆ. ಸುತ್ತ ನಿಂತವರಿಗೆ ಅರಿವೆ ಅಲುಗುವುದು ಮಾತ್ರ ಕಾಣುತ್ತದೆ. ಬೆಲೆ ಒಪ್ಪಿಗೆಯಾದರೆ ಕೊಳ್ಳುವವರು ಎದುರಿನವರ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಆಮೇಲೆ ಎಲ್ಲರಿಗೂ ಕೇಳುವಂತೆ "ಆತು, ತೂಗ್ರಿ" ಎನ್ನುತ್ತಾರೆ. ಆಗ ಹಮಾಲರು ತಕ್ಕಡಿ ಕಟ್ಟುತ್ತಾರೆ.

ಆ ಬೇಸಿಗೆ ತಾವರಗೇರಾ ಕಡೆಯಿಂದ ಒಬ್ಬ ಹೆಣ್ಣುಮಗಳು ತಾನೇ ಗಾಡಿಗಳ ಮುಂದೆ ಕುಳಿತು ಹತ್ತಿ ತಂದಿದ್ದಳು. ಗಂಡ ತೀರಿದ ಮೇಲೆ ಹೊಲ ಆಕೆಯೇ ಮಾಡಿಸುತ್ತಿದ್ದಳು. ನಾನು ಮಾದರಿ ತೆಗೆಯಲು ಹೋದಾಗ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ತಮ್ಮಾ, ಮ್ಯಾಲಿಂದು ತಗೀತಿಯೋ, ತಳದಾಗಿಂದು ತಗೀತಿಯೋ?"

"ತಳದಾಗಿಂದು ತಗದ್ರ ನಿಮಗ ಸಿಟ್ಟು ಬರತೈತಿ, ಮ್ಯಾಲಿಂದು ತಗದ್ರ ಸೇಠಜಿಗೆ ಬರತೈತಿ ಯಕ್ಕಾ. ಯಾರ ಸಿಟ್ಟು ಅಗ್ಗ ಹೇಳ್ರಿ."

"ಎಲ್ಲಾ ಕಡಿಂದ ತಗಿ. ನನ್ನ ಹತ್ತಿ ತಳಾ ತುದಿ ಒಂದ ಐತಿ. ನಿನ್ನಂಗ ಹತ್ತು ದನಿ ಇಲ್ಲ ಅದಕ್ಕ."

ನನ್ನ ಕೀರ್ತಿ ತಾವರಗೇರಾದವರೆಗೂ ಮುಟ್ಟಿತ್ತು ಎಂದು ಹಿಗ್ಗಿದೆ. ಹತ್ತಿ ನಿಜವಾಗಿಯೂ ಆಕೆ ಹೇಳಿದ ಹಾಗೆಯೇ ಇತ್ತು. ಹೊಟ್ಟೆಯೊಳಗೂ ಎಲೆಯ ಚೂರಿಲ್ಲ. ಕೆಲಸದ ನಡುವೆ ಆಕೆಯೇ ಹೇಳಿದಳು: ಹೋದ ವರ್ಷ ಜೋಡಿಯಲ್ಲಿ ಒಂದು ಎತ್ತು ಸತ್ತಿತು, ಬಾಡಿಗೆ ಎತ್ತಿನಲ್ಲಿ ಬಿತ್ತನೆ ತಡವಾಯಿತು. ಈ ಹತ್ತಿ ಮಾರಿ ಮುಂಗಾರಿನೊಳಗೆ ಕುಷ್ಟಗಿ ಸಂತೆಯಲ್ಲಿ ಜೋಡಿ ಎತ್ತು ಕೊಳ್ಳಬೇಕು. "ಇಲ್ಲಂದ್ರ ಮೈದುನ ಕಾಯಾಕ ಹತ್ಯಾನ. 'ಎತ್ತಿಲ್ಲ, ಗಂಡಸಿಲ್ಲ, ಹೊಲ ನನಗ ಬಿಡು, ವರ್ಷಕ್ಕ ಕಾಳು ಹಾಕತೀನಿ' ಅಂತಾನ. ಒಮ್ಮಿ ಬಿಟ್ರ ಮುಗೀತು. ಹೊಲದ ಬದುವಿನ ಮ್ಯಾಲ ಕಾಲಿಡಾಕ ಅವನ್ನ ಕೇಳಬೇಕು."

ಮಧ್ಯಾಹ್ನ ಸೇಠಜಿಯೂ ನಮ್ಮ ಅಡತಿ ಅಂಗಡಿಯ ಸಾವುಕಾರರೂ ಗೋಣಿಚೀಲಗಳ ಮೇಲೆ ಎದುರುಬದುರು ಕುಳಿತರು. ಅರಿವೆ ಕೈಗಳ ಮೇಲೆ ಬಿತ್ತು. ಬಹಳ ಹೊತ್ತು ಅಲುಗಿತು. ನಾನು ರಾಶಿಯ ಹಿಂದೆ ನಿಂತು ಸಾವುಕಾರರ ಮುಖ ನೋಡುತ್ತಿದ್ದೆ. ಅವರ ಕೆಳಗೆ ಅಷ್ಟು ವರ್ಷ ದುಡಿದವನಿಗೆ ಅವರ ಮುಖ ಓದಲು ಬರುತ್ತದೆ. ಅಂಗೈ ಒತ್ತಿದ ಕ್ಷಣ ಅವರ ಬಲಹುಬ್ಬು ಸಡಿಲವಾಗುತ್ತದೆ. ಸಡಿಲವಾಯಿತು. ಇನ್ನು ಬರುವ ಮಾತು ಯಾವುದೆಂದು ನನಗೆ ಗೊತ್ತಿತ್ತು. ಅದನ್ನು ಒಂದು ಉಸಿರು ಮೊದಲೇ ಸೇಠಜಿಯ ದನಿಯಲ್ಲಿ ಕೂಗಿದೆ. ಸೇಠಜಿ ಆಗ ಅರಿವೆ ಕೊಡವಿ ಎದ್ದು ನಿಲ್ಲುತ್ತಿದ್ದರು. ಹಮಾಲರು ತಕ್ಕಡಿ ಕಟ್ಟಿದರು. ಅವರು ಕೂಗಲು ಬಾಯಿ ತೆರೆಯುವ ಮೊದಲೇ ಅಂಗಳದ ಬಾಗಿಲಲ್ಲಿ ತಾರು ತಂದ ಜವಾನ ಅವರನ್ನು ಕರೆದ.

ತಾರು ಓದಿ ತಿರುಗಿ ಬಂದವರ ಮುಖದಲ್ಲಿ ರಕ್ತವಿರಲಿಲ್ಲ. ತಕ್ಕಡಿಯಲ್ಲಿ ಮೊದಲ ಚೀಲ ತೂಗುತ್ತಿತ್ತು.

"ನಿಲ್ಲಸ್ರಿ! ತೂಕ ನಿಲ್ಲಸ್ರಿ!"

ಹಮಾಲರ ಮುಂದಾಳು ಹಗ್ಗ ಹಿಡಿದುಕೊಂಡೇ ಕೇಳಿದ: "ಈಗಷ್ಟ ಆತು ಅಂದ್ರೆಲ್ರಿ ಸೇಠಜಿ?"

"ನಾ ಎಲ್ಲಿ ಅಂದೆ ಭಾಯಿ? ಅಂದಿಲ್ಲ."

"ಅಂದ್ರಿ!" ಎಂದಿತು ಇಡೀ ಅಂಗಳ. ನಾನೊಬ್ಬನೇ ಅನ್ನಲಿಲ್ಲ. ತೂಕದ ಮಾತನ್ನು ನಾನು ಅದುವರೆಗೆ ಎಂದೂ ಅಣಕಿಸಿರಲಿಲ್ಲ, ಹಾಗಾಗಿ ಯಾರಿಗೂ ನನ್ನ ಮೇಲೆ ಸಂಶಯ ಬರಲಿಲ್ಲ.

ಸೇಠಜಿ ಗೋಣಿಚೀಲದ ಮೇಲೆ ಕುಸಿದು ಕುಳಿತು ಹೇಳಿದ್ದು ಇಷ್ಟು. ಇಂಗ್ಲಿಷ್ ಸರ್ಕಾರ ಜಪಾನಿನ ಅರಿವೆಯ ಮೇಲೆ ಸುಂಕ ಏರಿಸಿದೆ. ತಮ್ಮ ಅರಿವೆ ಬೇಡವಾದರೆ ನಿಮ್ಮ ಹತ್ತಿಯೂ ನಮಗೆ ಬೇಡ ಎಂದು ಜಪಾನಿನ ಗಿರಣಿಗಳವರು ಖರೀದಿ ನಿಲ್ಲಿಸಿದ್ದಾರೆ. ಹೊಸ ಮಾಲು ಹಿಡಿಯಬಾರದೆಂದು ಕಂಪನಿಯ ಕಟ್ಟಪ್ಪಣೆ.

"ಇದು ನಿಜಾಮ್ ಸರ್ಕಾರದ ನೆಲ. ಇಂಗ್ಲಿಷರ ಸುಂಕ ನಮಗ್ಯಾಕ್ರಿ?" ಎಂದ ಯಲಬುರ್ಗಾದ ಗಾಡಿಯವನೊಬ್ಬ.

"ಹಡಗು ಅವರ ಬಂದರದಾಗಿಂದ ಹೋಗತಾವು ಭಾಯಿ. ನನಗ ಕೇಳಿದ್ರ ನಾ ಏನ್ ಹೇಳ್ಲಿ?"

ತಾವರಗೇರಾದ ಅಕ್ಕ ಮುಂದೆ ಬಂದಳು. "ಅವರಿಬ್ಬರ ಜಗಳದಾಗ ನನ್ನ ರಾಶಿ ಏನ್ ಮಾಡೇತ್ರಿ?"

"ಏನೂ ಮಾಡಿಲ್ಲ ಯವ್ವಾ," ಎಂದರು ಸೇಠಜಿ. "ಆದ್ರ ನಾ ಆತು ಅಂದಿಲ್ಲ."

ಮಾತು ಪೇಟೆಯ ಪಂಚರ ಮುಂದೆ ಹೋಗಬೇಕೆಂದು ನಿಶ್ಚಯವಾಯಿತು. ಆದರೆ ಪಂಚರಲ್ಲಿ ಹಿರಿಯರು ಊರಲ್ಲಿರಲಿಲ್ಲ. ಅವರು ಬರುವವರೆಗೆ ಕಾಯಬೇಕು. ಅಕ್ಕನ ಗಾಡಿಗಳು ಮರಳಿ ಹೋಗಿದ್ದವು, ರಾಶಿ ಬಯಲಲ್ಲಿ ಬಿದ್ದಿತ್ತು. ನಮ್ಮ ಸಾವುಕಾರರು ಸುಮ್ಮನೆ ಕೂರುವವರಲ್ಲ. ನೀಲಿ ಕಾಗದದ ಪೊಟ್ಟಣಗಳನ್ನು ನನ್ನ ಕೈಗೆ ಕೊಟ್ಟು, ಮಾರನೆಯ ದಿನದ ರೈಲಿಗೇ ನನ್ನನ್ನೂ ಕರೆದುಕೊಂಡು, ಸರಹದ್ದಿನಾಚೆ ಇಂಗ್ಲಿಷರ ನೆಲದಲ್ಲಿದ್ದ ಗದಗಕ್ಕೆ ಹೊರಟರು. ಅಲ್ಲಿ ಯಾರಾದರೂ ಈ ರಾಶಿ ಹಿಡಿದರೆ ಪಂಚಾಯತಿಯೇ ಬೇಡ ಎಂಬುದು ಅವರ ಲೆಕ್ಕ.

ಗದಗಿನ ವ್ಯಾಪಾರಿ ಪೊಟ್ಟಣ ಬಿಚ್ಚಿ, ಹೆಬ್ಬೆರಳಲ್ಲಿ ಎಳೆದು, ತಿರುಗಿ ಸುತ್ತಿ ಇಟ್ಟ. "ಮಾಲು ಛಲೋ ಐತಿ. ಆದ್ರ ಎಳಿ ಗಿಡ್ಡ. ಇದು ಜಪಾನದ ಮಾಲು. ಸೊಲ್ಲಾಪುರದ ಗಿರಣಿಯವರು ಮುಟ್ಟೂದಿಲ್ಲ." ಅವನ ಗಾದಿಯ ಪಕ್ಕದಲ್ಲಿ ನಮ್ಮಂಥದ್ದೇ ನೀಲಿ ಪೊಟ್ಟಣಗಳು ಗುಡ್ಡೆ ಬಿದ್ದಿದ್ದವು. ಮೂರು ಜಿಲ್ಲೆಗಳ ಅಡತಿಯವರಿಗೆಲ್ಲ ಅದೇ ಬುದ್ಧಿ ಹೊಳೆದಿತ್ತು. ಸಾವುಕಾರರು ಬೆಲೆ ಇಳಿಸಿ ನೋಡಿದರು. ಅವನು ನಕ್ಕ. "ಪುಕ್ಕಟೆ ಕೊಟ್ರೂ ಸರಹದ್ದಿನ ನಾಕಾದಾಗ ನಿಮ್ಮ ಸರ್ಕಾರಕ್ಕ ಕರಾ ಕಟ್ಟಿ ತರಬೇಕಲ್ರಿ. ತಂದು ನಾ ಎಲ್ಲಿ ಇಡ್ಲಿ, ತಲಿ ಮ್ಯಾಲೆ?"

ಮರಳಿ ಬರುವ ರೈಲಿನಲ್ಲಿ ಸಾವುಕಾರರನ್ನು ನಗಿಸೋಣವೆಂದು ಆ ವ್ಯಾಪಾರಿಯ ದನಿ ತೆಗೆದೆ. ಅವರು ನಗಲಿಲ್ಲ, ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ಆಗ ನನ್ನ ಸ್ವಂತ ದನಿಯಲ್ಲಿ ಹೇಳಿದೆ. ಆ ದನಿ ನನಗೇ ಅಪರಿಚಿತವೆನಿಸಿತು. ಎಲ್ಲರ ಅಣಕ ಮಾಡಿ ಮಾಡಿ ಅದನ್ನು ಅಷ್ಟಾಗಿ ಬಳಸಿರಲಿಲ್ಲ.

"ಸಾವ್ಕಾರ್ರ, ಅವತ್ತು ಆತು ಅಂದಾಂವ ನಾನ್ರಿ."

"ಗೊತ್ತೈತಿ."

"ಹೆಂಗ್ರಿ?"

"ನಾ ಸೇಠನ ಎದುರಿಗೇ ಕುಂತಿದ್ದೆನಲ್ಲೋ. ಅವನ ತುಟಿ ಅಲಗಿದ್ದಿಲ್ಲ." ಕಿಟಕಿಯಿಂದ ಮುಖ ತಿರುಗಿಸಿ ಹೇಳಿದರು: "ಪಂಚರ ಮುಂದ ನೀ ಬಾಯಿ ತಗೀಬ್ಯಾಡ. ಅಂಗಳದಾಗಿನ ಎಲ್ಲಾರೂ ಸೇಠ ಅಂದಾನ ಅಂತಾರ. ಅವರು ಸುಳ್ಳು ಹೇಳಾಕ ಹತ್ತಿಲ್ಲ, ಕೇಳಿದ್ದು ಹೇಳತಾರ. ಆಕಿ ಎತ್ತು ಬರಲಿ."

"ನಿಮ್ಮನ್ನ ಕೇಳಿದ್ರ?"

"ನನ್ನ ಕೇಳೂದಿಲ್ಲ. ಅರಿವಿ ಬುಡಕ ನಡದದ್ದನ್ನ ಅಡತಿಯವನ ಬಾಯಿಂದ ಯಾರೂ ಕೇಳೂದಿಲ್ಲ. ಕೇಳಿದ್ರೂ ಹೇಳಬಾರದು. ಇವತ್ತು ನಾ ಹೇಳಿದ್ರ ನಾಳಿ ನನ್ನ ಕೈ ಯಾರು ಹಿಡೀತಾರ?"

ಕೊಪ್ಪಳಕ್ಕೆ ಬಂದಾಗ ಮೋಡ ಕಟ್ಟಿತ್ತು. ಅಕ್ಕ ರಾಶಿಯ ಪಕ್ಕದಲ್ಲಿಯೇ ನಿಂತಿದ್ದಳು. ಸಂಜೆಯೊಳಗೆ ಮಳೆ ಹನಿಸಿತು. ಹಮಾಲರೂ ನಾವೂ ತಟ್ಟು, ಗೋಣಿ, ಕೈಗೆ ಸಿಕ್ಕಿದ್ದೆಲ್ಲ ಹೊದಿಸಿದರೂ ಒಂದು ಮಗ್ಗುಲು ನೆನೆಯಿತು. ಬೀಜವಿರುವ ಹತ್ತಿ ನೆನೆದರೆ ಒಳಗೇ ಕಾವೇರುತ್ತದೆ. ಕಾವೇರಿದರೆ ಎಳೆ ಹಳದಿಯಾಗಿ ಬಲ ಕಳೆದುಕೊಳ್ಳುತ್ತದೆ. ಮಾರನೆಯ ದಿನ ರಾಶಿಯ ಹೊಟ್ಟೆಗೆ ತೋಳು ತೂರಿಸಿದೆ. ಜ್ವರ ಬಂದವರ ಕಂಕುಳಿಗೆ ಕೈಯಿಟ್ಟ ಹಾಗಾಯಿತು. ಜಿನ್ನಿನಲ್ಲಿ ಹತ್ತಿ ಬಿಡಿಸುವ ಹೆಂಗಸರು ಕೆಲಸವಿಲ್ಲದೆ ಬಾಗಿಲಲ್ಲಿ ಕುಳಿತಿದ್ದರು, ಏಕೆಂದರೆ ಸೇಠಜಿಯ ಖರೀದಿ ನಿಂತ ದಿನವೇ ಜಿನ್ನಿನ ಯಂತ್ರ ತಿರುಗಿಸುವ ಪಟ್ಟಿಯೂ ನಿಂತಿತ್ತು. ಅವರೇ ಎದ್ದುಬಂದು ನಮ್ಮೊಡನೆ ರಾಶಿ ಮಗುಚಿದರು. ತಳದ್ದು ಮೇಲೆ, ಮೇಲಿನದು ತಳಕ್ಕೆ, ನೆಂದದ್ದನ್ನು ಬೇರೆ ಹರವಿ. ಯಾರೂ ಕೂಲಿಯ ಮಾತೆತ್ತಲಿಲ್ಲ. ಅವರಲ್ಲೊಬ್ಬಳು ನನ್ನನ್ನು ನೋಡಿ, "ಯಾಕೋ, ಇವತ್ತ ಯಾರದೂ ದನಿ ಇಲ್ಲ?" ಎಂದಳು. ನಾನು ನೆಂದ ಹತ್ತಿಯನ್ನು ಹರವುತ್ತಾ ಹೋದೆ.

ಸೇಠಜಿ ದಿನವೂ ಬಂದು ದೂರ ನಿಂತು ನೋಡಿ ಹೋಗುತ್ತಿದ್ದರು. ಪೇಟೆಯಲ್ಲಿ ಅವರಿಗೆ ಯಾರೂ ನಮಸ್ಕಾರ ಹೇಳುತ್ತಿರಲಿಲ್ಲ. ಆಡಿ ತಪ್ಪಿದವರು ಎಂದು ಚಹಾದ ಅಂಗಡಿಯವನು ಕೂಡ ಮುಖ ತಿರುಗಿಸಿದ್ದ.

ಹಿರಿಯರು ಬಂದ ಮೇಲೆ ಜಿನ್ನಿನ ಪಡಸಾಲೆಯಲ್ಲಿ ಪಂಚರು ಕೂಡಿದರು. ಹಮಾಲರನ್ನು ಕೇಳಿದರು, ಗಾಡಿಯವರನ್ನು ಕರೆಸಿ ಕೇಳಿದರು. ಎಲ್ಲರದೂ ಒಂದೇ ಉತ್ತರ: ಸೇಠಜಿಯ ದನಿ ಕಿವಿಯಾರೆ ಕೇಳಿದ್ದೇವೆ, ಕೆಮ್ಮನ್ನೂ ಕೇಳಿದ್ದೇವೆ. ಒಬ್ಬೊಬ್ಬರು ಹೇಳಿದಂತೆಲ್ಲ ಸೇಠಜಿ ತಗ್ಗುತ್ತಾ ಹೋದರು. ಮೊದಲು "ಅಂದಿಲ್ಲ" ಎಂದು ಗಟ್ಟಿಯಾಗಿ ಹೇಳಿದವರು, ಆಮೇಲೆ ಬರೀ ತಲೆ ಅಡ್ಡಡ್ಡ ಆಡಿಸಿದರು, ಆಮೇಲೆ ಅದನ್ನೂ ಬಿಟ್ಟರು. ಕೊನೆಗೆ ಹಿರಿಯರು, "ಇಷ್ಟು ಮಂದಿ ಕೇಳ್ಯಾರ. ನೀವೇನಂತೀರಿ ಸೇಠಜಿ?" ಎಂದರು.

ಸೇಠಜಿ ತಮ್ಮ ಅಂಗೈ ನೋಡಿಕೊಂಡು ಹೇಳಿದರು: "ಇವರೆಲ್ಲಾ ಸುಳ್ಳು ಹೇಳೂ ಮಂದಿ ಅಲ್ಲ. ಅಂದಿದ್ರೂ ಅಂದಿರಬೇಕು. ನನಗ ನೆನಪಾಗವಲ್ದು."

ಅಲ್ಲಿಯವರೆಗೆ ನಾನು ಗಟ್ಟಿಯಾಗಿಯೇ ಕುಳಿತಿದ್ದೆ. ಅಕ್ಕನ ಎತ್ತು ಬರಬೇಕು, ಸಾವುಕಾರರ ಮಾತು ಮೀರಬಾರದು, ನನ್ನ ಮರ್ಯಾದೆಯೂ ಉಳಿಯಬೇಕು. ಸುಮ್ಮನಿದ್ದರೆ ಮೂರೂ ಆಗುತ್ತಿದ್ದವು. ಆದರೆ ಒಬ್ಬ ಮನುಷ್ಯ ತನ್ನ ನಾಲಿಗೆಯನ್ನೇ ನಂಬದ ಹಾಗೆ ಆಗುವುದನ್ನು ನೋಡಿ ಕೂರುವುದು ನನ್ನಿಂದಾಗಲಿಲ್ಲ. ಸೇಠಜಿಯ ನಡಿಗೆ, ಕೆಮ್ಮು, ಮೂಗು, ಎಲ್ಲವನ್ನೂ ಆಡಿ ತೋರಿಸಿ ನಕ್ಕಿದ್ದೇನೆ. ಅವರೂ ನಕ್ಕಿದ್ದಾರೆ. ಈ ಸಲ ಅವರಿಂದ ನಾನು ತೆಗೆದುಕೊಂಡದ್ದು ಬೇರೆ. ಎದ್ದು ನಿಂತೆ.

"ಸೇಠಜಿ ಅಂದಿಲ್ರಿ. ನಾ ಅಂದೀನಿ. ಅವರಂಗ."

ಸಾವುಕಾರರು ಕಣ್ಣು ಮುಚ್ಚಿಕೊಂಡರು. ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಾಡಿ ತೋರ್ಸು," ಎಂದರು.

ಕೆಮ್ಮಿದೆ. ಕೂಗಿದೆ. ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಅಣಕ ಮಾಡಿದ್ದಿಲ್ಲ, ಅಷ್ಟು ಕೆಟ್ಟದಾಗಿ ಅನ್ನಿಸಿದ್ದೂ ಇಲ್ಲ. ಯಾರೂ ನಗಲಿಲ್ಲ. ಹಮಾಲರ ಮುಂದಾಳು ಬಾಯಿ ತೆರೆದವನು ಹಾಗೆಯೇ ಇದ್ದ. ಸೇಠಜಿಯ ಕೈ ತಾನಾಗಿ ತಮ್ಮ ಗಂಟಲಿಗೆ ಹೋಯಿತು, ಅದು ಅಲ್ಲಿಯೇ ಇದೆಯೋ ಇಲ್ಲವೋ ಎಂದು ನೋಡುವಂತೆ.

"ಹಂಗಾದ್ರ ಮಾತು ಹುಟ್ಟೇ ಇಲ್ಲ," ಎಂದರು ಹಿರಿಯರು. ನಮ್ಮ ಸಾವುಕಾರರ ಕಡೆ ತಿರುಗಿ, ಕೇಳಬಾರದೆಂದು ಗೊತ್ತಿದ್ದೂ ಕೇಳಿದರು: "ಅರಿವಿ ಬುಡಕ ಏನ್ ಆಗಿತ್ತು?"

"ಅದನ್ನ ಕೇಳಬ್ಯಾಡ್ರಿ," ಎಂದರು ಸಾವುಕಾರರು. "ಕೈ ಕತ್ತರಿಸಿ ಇಡ್ರಿ ಅಂದ್ರ ಇಡತೀನಿ. ಹೇಳೂದಿಲ್ಲ."

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯರು ಅಕ್ಕನಿಗೆ, "ರಾಶಿ ನಿನ್ನದೇ ಯವ್ವಾ. ಗಾಡಿ ತರಿಸು," ಎಂದರು. ಆಕೆ ಮೊದಲು ನನ್ನ ಕಡೆ ತಿರುಗಿದಳು.

"ಖೋಡಿ, ಬಾಯಿ ಮುಚ್ಚಿಕೊಂಡು ಕುಂತಿದ್ರ ನನ್ನ ಎತ್ತು ಬರತಿದ್ವು."

"ಹೌದ್ರಿ ಯಕ್ಕಾ."

"ಹೌದ್ರಿ ಅಂತಾನ ನೋಡು," ಎಂದು ನನ್ನನ್ನು ಅಲ್ಲಿಗೆ ಬಿಟ್ಟಳು. ಸೆರಗು ಬಿಗಿದು ಎದ್ದು, ಪಡಸಾಲೆಯನ್ನು ದಾಟಿ, ಸೇಠಜಿಯ ಮುಂದೆ ಹೋಗಿ ನಿಂತಳು. ಅರಿವೆಯ ಕೆಳಗಿನದನ್ನು ಅಡತಿಯವರನ್ನು ಕೇಳಬಾರದು ಎಂಬ ಕಟ್ಟಳೆ ಪೇಟೆಯದು. ಕೊಂಡವರನ್ನು ಮಾರಿದವಳು ಕೇಳಬಾರದು ಎಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಯಾವ ಮಾರಿದವಳೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಆಕೆ ಕೇಳಿದ್ದೇನು ಎಂದು ಹೇಳುವ ಮೊದಲು, ಕೇಳಿದ ಮೇಲೆ ನಡೆದದ್ದನ್ನು ಹೇಳಿಬಿಡುತ್ತೇನೆ. ಆಕೆಯ ಮಾತಿನ ಮೇಲೆ ನನ್ನ ಮಾತು ಬೀಳುವುದು ಬೇಡ. ಸೇಠಜಿ ಹಮಾಲರ ಕಡೆ ತಿರುಗಿ ತಕ್ಕಡಿ ಕಟ್ಟುವಂತೆ ಸನ್ನೆ ಮಾಡಿದರು. ನೆನೆದ ಮಗ್ಗುಲಿನದನ್ನು ಕೂಡ ಬಿಡದೆ, ಬೆರಳಲ್ಲಿ ಆಡಿದ ಬೆಲೆಗೇ, ಕಂಪನಿಯ ಹೆಸರಲ್ಲಿ ಅಲ್ಲದೆ ತಮ್ಮ ಹೆಸರಲ್ಲಿ ತೂಗಿಸಿಕೊಂಡರು. ಆ ಹತ್ತಿ ಬಿಡಿಸಿ ಕಟ್ಟಿದ ಅಂಡಿಗೆಗಳು ಮುಂಗಾರು ಮುಗಿದರೂ ಜಿನ್ನಿನ ಅಂಗಳದಲ್ಲಿಯೇ ಇದ್ದವು. ಮರುವರ್ಷ ಎರಡು ಸರ್ಕಾರಗಳೂ ಕೂತು, ಇಷ್ಟು ಅರಿವೆ ಕಳಿಸಬೇಕಾದರೆ ಇಷ್ಟು ಹತ್ತಿ ಕೊಳ್ಳಬೇಕು ಎಂದು ಒಪ್ಪಂದ ಮಾಡಿಕೊಂಡವಂತೆ. ಯಾವ ಅರಿವೆ ಹೊದ್ದು ಯಾರ ಬೆರಳು ಯಾರು ಹಿಡಿದರೋ ನಮಗೆ ತಿಳಿಯದು. ಕೊಪ್ಪಳಕ್ಕೆ ಖರೀದಿ ಮತ್ತೆ ಬಂದಿತು, ಆದರೆ ಕಂಪನಿ ಬೇರೆ ಒಬ್ಬರನ್ನು ಕಳಿಸಿತು. ಅವರ ಅಣಕ ನಾನು ಮಾಡುವುದಿಲ್ಲ. ಅಕ್ಕ ಕುಷ್ಟಗಿ ಸಂತೆಯಲ್ಲಿ ಎತ್ತಿನ ಜೋಡಿ ಕೊಂಡು, ಮುಂಗಾರಿನ ಮೊದಲ ಮಳೆಗೇ ಬಿತ್ತಿದಳು. ಅರ್ಧ ಹೊಲಕ್ಕೆ ಮಾತ್ರ ಹತ್ತಿ, ಇನ್ನರ್ಧಕ್ಕೆ ಜೋಳ. ಆ ಬೇಸಿಗೆ ಯಾರೂ ಕೈ ಹಿಡಿಯದ ರಾಶಿಗಳು ಗಾಡಿಗಳಲ್ಲಿ ಮರಳಿ ಹೋದವು. ಅವು ಎಷ್ಟು ಮನೆಗಳ ಗಾದಿ ತುಂಬಿದವೋ, ಎಷ್ಟು ದೀಪಕ್ಕೆ ಬತ್ತಿಯಾದವೋ ನನಗೆ ಗೊತ್ತಿಲ್ಲ.

ಪಡಸಾಲೆಯಲ್ಲಿ ಆಕೆ ದನಿ ಏರಿಸಲಿಲ್ಲ. ಸೇಠಜಿಯ ಮುಖವನ್ನೇ ನೋಡುತ್ತ ಹೇಳಿದಳು:

"ದನಿ ಈ ಖೋಡಿದು, ಒಪ್ಪಿದೆ. ಅರಿವಿ ಬುಡಕ ಒತ್ತಿದ ಕೈ ಯಾರದ್ರಿ ಸೇಠಜಿ, ಜಪಾನದವರದೋ, ನಿಮ್ಮದೋ?"